ಏರು ಬಂದರೆ ಸುಸ್ತಾಗುವ ಕಾರು

ಬೆಳಗಿನ ಐದೂ ಮುಕ್ಕಾಲು. ಬಿಳಿಗೆರೆಯಿಂದ ತಿಪಟೂರಿಗೆ ಹೊರಡುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ರಸ್ತೆ ಬದಿಯ ತಗಡಿನ ಶೆಡ್ಡಿನ ಮುಂದೆ ಬಿಳಿ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಅದರೊಳಗೆ ಸೊಂಟದವರೆಗೆ ಬಗ್ಗಿರುವ ಹೆಂಗಸಿನ ಬೆನ್ನು ಮಾತ್ರ ನನಗೆ ಕಾಣುತ್ತಿದೆ. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ, ತಲೆಗೆ ಬಿಗಿದು ಕಟ್ಟಿದ ಟವೆಲು, ಬಾಯಲ್ಲಿ ಕಚ್ಚಿಕೊಂಡ ಸಣ್ಣ ಟಾರ್ಚು. ಎಡಗೈ ಇಂಜಿನ್ನಿನ ಹಿಂದೆ ಮೊಣಕೈವರೆಗೂ ಹೋಗಿ ಏನನ್ನೋ ತಡಕುತ್ತಿದೆ.

ನನ್ನ ಹೆಜ್ಜೆ ಸದ್ದು ಕೇಳಿ ಟಾರ್ಚು ಬಾಯಿಂದ ಕೈಗೆ ಬರುತ್ತದೆ. "ಬಂದ್ರಾ ಸಾರ್? ಆ ಕಲ್ಲಿನ್ ಮೇಲೆ ಕೂತ್ಕಳಿ. ಒಂದ್ ಗಳಿಗೆ ಮಾತಾಡ್ಬೇಡಿ, ಬೇಜಾರ್ ಮಾಡ್ಕೋಬೇಡಿ." ಟಾರ್ಚು ಮತ್ತೆ ಬಾಯಿಗೆ ಹೋಗುತ್ತದೆ. ಸಂದರ್ಶನಕ್ಕೆಂದು ಬಂದವನ ಬಾಯಿ ಮುಚ್ಚಿಸಿ ಕೂರಿಸಿದ್ದು ನನ್ನ ಹದಿನಾರು ವರ್ಷದ ವೃತ್ತಿಯಲ್ಲಿ ಇದೇ ಮೊದಲು.

ಇವರು ಗಂಗಲಕ್ಷ್ಮಿ. ವಯಸ್ಸು ನಲವತ್ತಾರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಟ್ಯಾಕ್ಸಿ ಚಾಲಕರ ಬಾಯಲ್ಲಿ 'ವೈರಿಂಗ್ ಗಂಗಕ್ಕ'. ಕಾರು, ಟೆಂಪೊ, ಟ್ರ್ಯಾಕ್ಟರುಗಳ ವಿದ್ಯುತ್ ಕೆಲಸ ಇವರದು. ದೀಪ ಹತ್ತದಿದ್ದರೆ, ಹಾರನ್ ಕೂಗದಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ದೀಪ ಕಣ್ಣು ಬಿಟ್ಟರೆ ಜನ ಇಲ್ಲಿಗೆ ಬರುತ್ತಾರೆ. ದಿನಕ್ಕೆ ನಾಲ್ಕೈದು ಗಾಡಿ, ಮದುವೆ ತಿಂಗಳಲ್ಲಿ ಏಳೆಂಟು. ಬೆಳಗಿನ ಜಾವವೇ ಏಕೆ ಎಂದು ಆಮೇಲೆ ಕೇಳಿದಾಗ ಅವರು ಹೇಳಿದ್ದು ಸರಳ ಕಾರಣ: "ರಾತ್ರಿಯೆಲ್ಲ ನಿಂತ ಇಂಜಿನ್ ತಣ್ಣಗಿರ್ತೈತೆ, ಕೈ ಸುಡಲ್ಲ. ಎಂಟ್ ಗಂಟೆ ಆಯ್ತು ಅಂದ್ರೆ ಲಾರಿ ಸದ್ದಲ್ಲಿ ನಮ್ ಗಾಡಿ ಏನ್ ಹೇಳ್ತೈತೆ ಅಂತ್ಲೇ ಕೇಳ್ಸಲ್ಲ."

ಈ ಬಿಳಿ ಕಾರು ಹುಳಿಯಾರಿನ ಆಚೆ, ಬೋರನಕಣಿವೆ ಬಳಿಯ ಹಳ್ಳಿಯ ರುದ್ರೇಶನದು. ವಯಸ್ಸು ಮೂವತ್ತನಾಲ್ಕು, ಬಾಡಿಗೆ ಓಡಿಸುತ್ತಾನೆ. ಮಂಗಳವಾರ, ಗುರುವಾರ, ಶನಿವಾರ ಮಾತ್ರ ಮದುವೆ, ಮುಂಜಿ ಯಾವ ಬಾಡಿಗೆಯನ್ನೂ ಒಪ್ಪುವುದಿಲ್ಲ. ಆ ಮೂರು ದಿನ ಸುತ್ತಲಿನ ಮೂವರನ್ನು ಡಯಾಲಿಸಿಸ್‌ಗೆ ತಿಪಟೂರಿಗೆ ಕರೆತಂದು, ನಾಲ್ಕು ಗಂಟೆ ಕಾದು, ವಾಪಸ್ ಮನೆ ಬಾಗಿಲಿಗೆ ಬಿಡಬೇಕು. ವಾಪಸಾಗುವಾಗ ಅವರಿಗೆ ನಿಲ್ಲಲೂ ತ್ರಾಣ ಇರುವುದಿಲ್ಲ. ಎರಡು ಬಸ್ಸು ಬದಲಿಸಿ ಹೋಗುವ ಮಾತಂತೂ ದೂರವೇ ಉಳಿಯಿತು.

ಎರಡು ತಿಂಗಳಿಂದ ಈ ಕಾರಿಗೆ ವಿಚಿತ್ರ ಕಾಯಿಲೆ. ಹಳದಿ ದೀಪ ಹತ್ತುತ್ತದೆ, ಆಮೇಲೆ ಎಷ್ಟು ತುಳಿದರೂ ಗಾಡಿ ಮುಂದಕ್ಕೆ ಹೋಗುವುದಿಲ್ಲ. "ಪಿಕಪ್ಪೇ ಇರಲ್ಲ ಸಾರ್. ಹಿಂದಿಂದ ಯಾರೋ ಹಗ್ಗ ಹಾಕಿ ಎಳ್ಕೊಂಡಂಗೆ ಆಯ್ತೈತೆ" ಎನ್ನುತ್ತಾನೆ ರುದ್ರೇಶ. ಕೀ ತಿರುಗಿಸಿ ಆಫ್ ಮಾಡಿ, ಮತ್ತೆ ಆನ್ ಮಾಡಿದರೆ ಏನೂ ಆಗಿಲ್ಲದಂತೆ ಓಡುತ್ತದೆ. ನಿನ್ನೆ ಗುರುವಾರ ಚಿಕ್ಕನಾಯಕನಹಳ್ಳಿಗಿಂತ ಮುಂಚೆ ಸಿಗುವ ಏರಿನಲ್ಲಿ ಹಾಗೇ ಆಯಿತು. ಹಿಂದೆ ಜಲ್ಲಿ ತುಂಬಿದ ಲಾರಿ. ಅದರ ಚಾಲಕ ಬ್ರೇಕು ಒತ್ತಿ ನಿಲ್ಲಿಸಿದಾಗ ಎರಡೂ ಗಾಡಿಯ ನಡುವೆ ಒಂದು ಮಾರು ಜಾಗವೂ ಉಳಿದಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ನಿವೃತ್ತ ಶಿಕ್ಷಕಿ ಗಿರಿಜಾಂಬಿಕಾ ಮನೆಗೆ ಹೋದ ಮೇಲೆ ಫೋನ್ ಮಾಡಿ, "ಶನಿವಾರ ನಾನು ಬರಲ್ಲಪ್ಪ, ಆದದ್ದಾಗಲಿ" ಎಂದುಬಿಟ್ಟರು. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಎರಡು ತಪ್ಪಿದರೆ ಉಸಿರೇ ಕಷ್ಟವಾಗುತ್ತದೆ. ಅದು ಅವರಿಗೂ ಗೊತ್ತು. ನಾನು ಬಂದಿರುವುದು ಶುಕ್ರವಾರ. ನಾಳೆ ಬೆಳಗ್ಗೆಯೊಳಗೆ ಈ ಕಾರು ಅವರ ನಂಬಿಕೆಗೆ ತಕ್ಕಂತೆ ಓಡಬೇಕು.

ನಿನ್ನೆ ರಾತ್ರಿ ಕಾರು ಇಲ್ಲಿಗೆ ಬರುವ ಮುನ್ನ ಮೂರು ಗ್ಯಾರೇಜು ನೋಡಿದೆ. ಮೊದಲಿನವರು ಸ್ಕ್ಯಾನರ್ ಚುಚ್ಚಿದರು. ಪರದೆಯ ಮೇಲೆ ಪಿ 0340 ಎಂದು ಬಂತು. ಕ್ಯಾಮ್‌ಶಾಫ್ಟ್ ಸೆನ್ಸರ್ ಕೆಟ್ಟಿದೆ ಎಂದು ಹೊಸದು ಹಾಕಿದರು. ಒಂದು ವಾರ ನೆಟ್ಟಗಿತ್ತು, ಮತ್ತೆ ಅದೇ ಕೋಡು. ಎರಡನೆಯವರು ಹಾಕಿದ ಸೆನ್ಸರ್ ಸರಿಯಿಲ್ಲವೆಂದು ಇನ್ನೊಂದು ಹಾಕಿದರು. ಮೂರನೆಯವರು ಒಳಗಿನ ಚೈನು ಸಡಿಲವಾಗಿರಬೇಕು, ಇಂಜಿನ್ ಬಿಚ್ಚಿ ನೋಡಬೇಕು, ಹತ್ತು ದಿನ ಗಾಡಿ ಬಿಟ್ಟುಹೋಗು ಎಂದರು. ಹತ್ತು ದಿನ ಎಂದರೆ ನಾಲ್ಕೈದು ಡಯಾಲಿಸಿಸ್.

ಕಾರಿನ ವಿಷಯದಲ್ಲಿ ನನಗೆ ತಿಳಿದಿರುವುದು ಡೀಸೆಲ್ ಎಲ್ಲಿ ಹಾಕಬೇಕು ಎಂಬುದೊಂದೇ. ಹಾಗಾಗಿ ಮಾತಾಡಲು ಅಪ್ಪಣೆ ಸಿಕ್ಕ ಕೂಡಲೇ ಕೇಳಿದೆ: ಕಂಪ್ಯೂಟರೇ ಬಾಯಿಬಿಟ್ಟು ಸೆನ್ಸರ್ ಎಂದು ಹೇಳುತ್ತಿರುವಾಗ ಇನ್ನು ಹುಡುಕುವುದೇನಿದೆ?

ಗಂಗಲಕ್ಷ್ಮಿ ಕೈ ಒರೆಸಿಕೊಳ್ಳುತ್ತಾ ನಗುತ್ತಾರೆ. "ಕೋಡ್ ಅಂದ್ರೆ ದೂರು ಕಣ್ರೀ ಸಾರ್. 'ನನ್ ಮಾತು ಮೇಲಕ್ಕೆ ಮುಟ್ತಿಲ್ಲ' ಅಂತ ಸೆನ್ಸರ್ ದೂರು ಕೊಟ್ಟೈತೆ. ದೂರು ಕೊಟ್ಟೋನ್ನೇ ಹಿಡ್ಕೊಂಡೋಗಿ ಒಳಗ್ ಹಾಕಿದ್ರೆ ಹೆಂಗೆ? ಎರಡ್ ಸಲ ಹಂಗೇ ಮಾಡವ್ರೆ ಪಾಪ."

ಹಾಗಾದರೆ ಆ ಸೆನ್ಸರ್ ಮಾಡುವ ಕೆಲಸವಾದರೂ ಏನು? ಇದಕ್ಕೆ ಉತ್ತರ ಹೇಳಲು ಅವರು ಪುಸ್ತಕಕ್ಕೆ ಹೋಗುವುದಿಲ್ಲ, ತಮ್ಮ ಹಳೆಯ ಕಸುಬಿಗೆ ಹೋಗುತ್ತಾರೆ. "ತೆಂಗಿನ ನಾರಿನ ಹುರಿ ಮಾಡೋದ್ ನೋಡಿದೀರಾ? ಒಬ್ಳು ರಾಟೆ ತಿರುಗಿಸ್ತಾಳೆ. ಇನ್ನೊಬ್ಳು ಮಡ್ಲಲ್ಲಿ ನಾರ್ ಇಟ್ಕೊಂಡು ಬಿಡ್ತಾ ಬಿಡ್ತಾ ಹಿಂದಕ್ಕೆ ನಡೀತಾಳೆ. ಇಬ್ರ ಹದ ಒಂದೇ ಇರ್ಬೇಕು. ನಡುವೆ ನಿಂತೋಳು 'ಹೂಂ, ಬಿಡು, ನಿಧಾನ' ಅಂತಿರ್ತಾಳೆ. ಅವ್ಳ ದನಿ ನಿಂತೋಯ್ತು ಅನ್ಕೊಳಿ, ರಾಟೆಯೋಳು ಹೆದ್ರಿ ಮೆಲ್ಲಕ್ ತಿರುಗಿಸ್ತಾಳೆ, ಹುರಿ ಕಿತ್ತೋದೀತು ಅಂತ. ಇಂಜಿನ್ನೂ ಅಂಗೇ. ಸೆನ್ಸರ್ ದನಿ ನಿಂತ್ರೆ ಕಂಪ್ಯೂಟ್ರು ಹೆದ್ರಿ ಪಿಕಪ್ ಕಮ್ಮಿ ಮಾಡ್ತೈತೆ. ಇಂಜಿನ್ ಉಳೀಲಿ ಅಂತ ಮಾಡೋದು. ಅದ್ರದ್ದೂ ತಪ್ಪಲ್ಲ."

ಗಂಗಲಕ್ಷ್ಮಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಹಳ್ಳಿಯಲ್ಲಿ. ಓದಿದ್ದು ಏಳನೇ ಕ್ಲಾಸು. ಹನ್ನೆರಡನೇ ವಯಸ್ಸಿನಿಂದ ಹುರಿ ಮಾಡುವ ಶೆಡ್ಡಿನಲ್ಲಿ ಕೆಲಸ. ದಿನಕ್ಕೆ ಎಂಟು ಗಂಟೆ ಹಿಂದಕ್ಕೆ ನಡೆಯುವುದು. "ನಾನು ಮುಂದಕ್ ನಡೆದಿದ್ದಕ್ಕಿಂತ ಹಿಂದಕ್ ನಡೆದಿದ್ದೇ ಜಾಸ್ತಿ" ಎಂದು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಾರೆ. ಇಪ್ಪತ್ತಕ್ಕೆ ಮದುವೆ. ಗಂಡ ಶಿವರಾಜು ಅವರು ಇದೇ ಶೆಡ್ಡಿನಲ್ಲಿ ಆಟೊ ಎಲೆಕ್ಟ್ರಿಷಿಯನ್ ಆಗಿದ್ದರು. ಕೈ ಒಳ್ಳೆಯದು, ದೂರದೂರಿಂದ ಗಾಡಿ ಬರುತ್ತಿದ್ದವು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಮೊದಲು ಕಪ್ಪು ವೈರಿಗೂ ಕಂದು ವೈರಿಗೂ ವ್ಯತ್ಯಾಸ ಕಾಣದಾಯಿತು, ನಾಲ್ಕು ವರ್ಷದಲ್ಲಿ ಬೆಳಕೇ ಕಾಣದಾಯಿತು.

ಶಿವರಾಜು ಈಗಲೂ ಪ್ರತಿದಿನ ಶೆಡ್ಡಿಗೆ ಬರುತ್ತಾರೆ. ಬಾಗಿಲ ಬಳಿಯ ಮರದ ಕುರ್ಚಿ ಅವರದು. "ಮೊದ್ಮೊದ್ಲು ಇವ್ಳು ನನಗೆ ಕಣ್ಣು, ನಾನು ಇವ್ಳಿಗೆ ತಲೆ" ಎನ್ನುತ್ತಾರೆ. "ಇವ್ಳು ಬಾನೆಟ್ ಒಳಗಿಂದ ಕೂಗೋಳು, 'ಕಾಫಿ ಬಣ್ಣ, ಮೇಲೆ ಹಳದಿ ಗೆರೆ' ಅಂತ. ನಾನಿಲ್ಲಿಂದ 'ಅದು ಪಂಪಿಂದು, ಬುಡು, ಪಕ್ಕದ್ದು ಹಿಡಿ' ಅನ್ನೋನು. ಆರ್ ವರ್ಷ ಹಂಗೇ ನಡೀತು. ಆಮೇಲೆ ಕಂಪ್ಯೂಟ್ರು ಗಾಡಿಗಳು ಬಂದ್ವಲ್ಲ, ನನ್ ತಲೆ ಸಾಲ್ದಂಗಾಯ್ತು. ಈಗ ತಲೇನೂ ಇವ್ಳದೇ. ನಾನು ಕುರ್ಚಿ ಕಾಯ್ತೀನಿ ಅಷ್ಟೆ."

ಆ ಖಾಕಿ ಅಂಗಿ ಶಿವರಾಜು ಅವರದು. ಸೊಸೆ ಬಾನೆಟ್ಟಿಗೆ ಬಗ್ಗಿದ ಮೊದಲ ದಿನವೇ ಅತ್ತೆ ಹುಚ್ಚಕ್ಕ, "ಸೆರಗು ಬೆಲ್ಟಿಗ್ ಸಿಕ್ಕಾಕ್ಕೊಂಡಾತು, ಇದ್ ಹಾಕ್ಕೊಳ್ಳೇ" ಎಂದು ಮಗನ ಅಂಗಿ ತಂದು ಕೊಟ್ಟರಂತೆ. ಊರವರು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಗಾಡಿ ತಂದವರು "ಯಜಮಾನ್ರು ಇಲ್ವಾ?" ಎಂದು ಕೇಳುವರು. ಕುರ್ಚಿ ತೋರಿಸಿದರೆ, ಕಣ್ಣಿಲ್ಲದ ಯಜಮಾನನನ್ನೂ ಅಂಗಿ ತೊಟ್ಟ ಹೆಂಡತಿಯನ್ನೂ ನೋಡಿ ಗಾಡಿ ತಿರುಗಿಸಿಕೊಂಡು ಹೋಗುವರು. ಒಬ್ಬ ಕೊಬ್ಬರಿ ವ್ಯಾಪಾರಿಯಂತೂ ಕೆಲಸ ಮುಗಿಯುವ ತನಕ ಕಾರಿನ ಕೀಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಅದನ್ನು ಹೇಳುವಾಗ ಗಂಗಲಕ್ಷ್ಮಿಗೆ ಈಗ ನಗು ಬರುತ್ತದೆ. ಆಗ ಅಳು ಬಂದಿತ್ತು ಎಂದೂ ಹೇಳುತ್ತಾರೆ.

ಸ್ಕ್ಯಾನರ್ ಹಳೆಯದು, ಯಾರೋ ಬಳಸಿ ಬಿಟ್ಟದ್ದು. ಅದು ಮಾತಾಡುವುದು ಇಂಗ್ಲಿಷಿನಲ್ಲಿ. ಅದಕ್ಕೊಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ಕೋಡಿನ ಅಂಕಿ, ಅದರ ಪಕ್ಕ ಕನ್ನಡದಲ್ಲಿ ಕತೆ. ಯಾವ ಊರ ಗಾಡಿ, ಯಾವ ದಾರಿಯಲ್ಲಿ ಕೆಟ್ಟಿತು, ಒಳಗೆ ಎಷ್ಟು ಜನ ಇದ್ದರು, ಮಳೆ ಇತ್ತೇ, ಕೊನೆಗೆ ಸಿಕ್ಕಿದ ತಪ್ಪು ಏನು. ಇದು ಮೂರನೇ ನೋಟ್‌ಬುಕ್. ಪುಟ ತಿರುವಿದರೆ ಒಂದು ಶಬ್ದ ಮತ್ತೆ ಮತ್ತೆ ಕಾಣುತ್ತದೆ: ಇಲಿ. ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ವರ್ಷಗಟ್ಟಲೆ ಕಾಯಿ ತುಂಬಿಡುವ ಅಟ್ಟದ ಕೆಳಗೇ ಕಾರೂ ನಿಲ್ಲುವುದಲ್ಲವೇ? ಅಟ್ಟಕ್ಕೆ ಬಂದ ಇಲಿ ಬೆಚ್ಚಗಿನ ಬಾನೆಟ್ಟಿಗೂ ಇಳಿಯುತ್ತದೆ. ತಿಂಗಳಿಗೆ ಏಳೆಂಟು ಗಾಡಿಯ ಕತೆ ಇಲಿಯಲ್ಲೇ ಮುಗಿಯುತ್ತದೆ.

ಹಾಗಾಗಿ ನನಗೂ ಇದು ಇಲಿಯದೇ ಕೆಲಸ ಎನಿಸಿತು, ಜಾಣನಂತೆ ಹೇಳಿಯೂ ಬಿಟ್ಟೆ. "ಹಿಕ್ಕೆ ಇಲ್ಲ, ನಾರು ತಂದಿಟ್ಟಿಲ್ಲ. ಕಡಿದ ವೈರಾದ್ರೆ ಯಾವಾಗ್ಲೂ ಕೆಟ್ಟಿರ್ಬೇಕು ಸಾರ್. ಇದು ಬೇಕಾದಾಗ ಕೆಡ್ತೈತೆ" ಎಂದು ಅವರು ನನ್ನ ಜಾಣತನವನ್ನು ಅಲ್ಲಿಗೇ ಮುಗಿಸಿದರು. ಆಮೇಲೆ ರುದ್ರೇಶನ ಕಡೆ ತಿರುಗಿ ಶುರು ಮಾಡಿದ ಪ್ರಶ್ನೆಗಳನ್ನು ಕೇಳಿದರೆ, ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ.

"ಖಾಲಿ ಗಾಡೀಲಿ ಯಾವತ್ತಾದ್ರೂ ಆಗೈತಾ?"

"ಇಲ್ಲಕ್ಕ."

"ನೀನೊಬ್ನೇ ಇದ್ದಾಗ, ಏರಲ್ಲಿ?"

ರುದ್ರೇಶ ತಲೆ ಕೆರೆದುಕೊಂಡ. "ಒಬ್ನೇ ಇದ್ದಾಗ ಆಗಿದ್ ನೆನಪಿಲ್ಲ. ನಾಲ್ಕ್ ಜನ ಇದ್ದಾಗ್ಲೇ. ಏರು ಹತ್ತಕ್ಕೆ ಅಂತ ಥರ್ಡ್ ಗೇರಿಗ್ ಹಾಕಿ ತುಳಿದ್ನಾ, ಆಗ್ಲೇ."

"ಆ ಮೂರ್ ಗ್ಯಾರೇಜೋರು ನಾಲ್ಕ್ ಜನ ಕೂರಿಸ್ಕೊಂಡು ಓಡಿಸಿ ನೋಡಿದ್ರಾ?"

"ಎಲ್ಲಿ? ನಿಂತಲ್ಲೇ ರೇಸ್ ಮಾಡಿ ನೋಡಿದ್ರು."

ಗಂಗಲಕ್ಷ್ಮಿ ಗಂಡನ ಕಡೆ ನೋಡಿದರು. ಶಿವರಾಜು ನೋಡಲಾರರು, ಆದರೂ ತಲೆ ಆಡಿಸಿದರು. ಮುಂದಿನ ಕಾಲು ಗಂಟೆಯಲ್ಲಿ ಪಕ್ಕದ ತೋಟದ ಮನೆಯಿಂದ ಸುಲಿದ ತೆಂಗಿನಕಾಯಿಯ ನಾಲ್ಕು ಚೀಲಗಳು ಕಾರಿನ ಸೀಟುಗಳಲ್ಲಿ ಕೂತವು. ಹೊತ್ತವರು ರುದ್ರೇಶ ಮತ್ತು ನಾನು. ನನ್ನ ಸೊಂಟ ಈ ಲೇಖನ ಬರೆಯುವಾಗಲೂ ಅದನ್ನು ಮರೆತಿಲ್ಲ. ಮುಂದಿನ ಸೀಟಿನ ಚೀಲವನ್ನು ಅತ್ತ ಸರಿಸಿ, ಉಳಿದ ಅರ್ಧ ಸೀಟಿನಲ್ಲಿ ಗಂಗಲಕ್ಷ್ಮಿ ಕೂತರು. ಸೆನ್ಸರಿನಿಂದ ಕಂಪ್ಯೂಟರಿಗೆ ಹೋಗುವ ವೈರಿಗೆ ಮೀಟರ್ ಸಿಕ್ಕಿಸಿ, ಆ ಮೀಟರನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕಾರು ಕೆರೆ ಏರಿಯ ಕಡೆ ಹೊರಟಿತು. ಅಲ್ಲಿ ರಸ್ತೆಯಿಂದ ಏರಿಯ ಮೇಲಕ್ಕೆ ಕಡಿದಾದ ದಾರಿ ಇದೆ. ಜಾಗ ಇಲ್ಲದ ನಾನು ಶಿವರಾಜು ಅವರ ಪಕ್ಕ ಕಾಯುತ್ತಾ ನಿಂತೆ.

ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದರು. ರುದ್ರೇಶನ ಮುಖ ಕಪ್ಪಿಟ್ಟಿತ್ತು, ಗಂಗಲಕ್ಷ್ಮಿಯ ಮುಖ ಅರಳಿತ್ತು. ಒಂದೇ ಸುದ್ದಿಗೆ ಇಬ್ಬರದೂ ಎರಡು ಮುಖ. "ಕೆಡ್ತು ಸಾರ್! ಮೂರ್ ಸಲಾನೂ ಕೆಡ್ತು!" ಎಂದು ಅವರು ಸಂಭ್ರಮದಿಂದ ಹೇಳಿದಾಗ ನನಗೆ ಮೊದಲು ಅರ್ಥವಾಗಲಿಲ್ಲ. ಏರು ಹತ್ತುವಾಗ ಇಂಜಿನ್ ಬಲ ಹಾಕುತ್ತದೆ. ಬಲ ಹಾಕಿದಾಗ ಒಂದು ಕಡೆಗೆ ವಾಲುತ್ತದೆ. ವಾಲಿದ ಆ ಕ್ಷಣಕ್ಕೆ ಮೀಟರಿನ ಅಂಕಿ ಸೊನ್ನೆಗೆ ಬಿದ್ದಿದೆ. ಅಂದರೆ ಸೆನ್ಸರ್ ಸರಿಯಿದೆ, ಒಳಗಿನ ಚೈನೂ ಸರಿಯಿದೆ. ದಾರಿಯಲ್ಲಿ ಎಲ್ಲೋ ವೈರು ಇಂಜಿನ್ನಿನ ಕಬ್ಬಿಣಕ್ಕೆ ತಗಲುತ್ತಿದೆ.

ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ರುದ್ರೇಶನಿಗೆ ಗೇರು ಹಾಕಿ, ಬ್ರೇಕು ಒತ್ತಿಕೊಂಡೇ ಕ್ಲಚ್ಚನ್ನು ಅರ್ಧ ಬಿಡಲು ಹೇಳಿದರು. ನಿಂತ ಕಾರು ತಿಣುಕಿತು. ಇಂಜಿನ್ ಹಿಂದಕ್ಕೆ ಎರಡು ಬೆರಳಿನಷ್ಟು ವಾಲಿದ್ದು ನನಗೂ ಕಂಡಿತು. ಪಕ್ಕದಲ್ಲಿ ನಿಂತ ಗಂಗಲಕ್ಷ್ಮಿ ಟಾರ್ಚು ಹಿಡಿದು ನೋಡುತ್ತಲೇ ಇದ್ದರು. "ಸಾಕು, ಆಫ್ ಮಾಡಪ್ಪ." ಎಡಗೈ ಮತ್ತೆ ಇಂಜಿನ್ನಿನ ಹಿಂದಕ್ಕೆ ಹೋಯಿತು. ಅಲ್ಲಿ ವೈರಿನ ಕಟ್ಟನ್ನು ಒಂದು ಕಬ್ಬಿಣದ ಪಟ್ಟಿಗೆ ಬಿಗಿದಿದ್ದರು. ಪ್ಲಾಸ್ಟಿಕ್ ಕ್ಲಿಪ್ ಇರಬೇಕಾದ ಜಾಗದಲ್ಲಿ, ಎಣ್ಣೆ ಕುಡಿದು ಕಪ್ಪಾಗಿದ್ದ ತೆಂಗಿನ ನಾರಿನ ಹುರಿ ಇತ್ತು. ಇಂಜಿನ್ ಅಲುಗಿದಾಗಲೆಲ್ಲ ಆ ಒರಟು ಹುರಿ ವೈರಿನ ಮೈ ಉಜ್ಜಿ ಉಜ್ಜಿ, ಒಳಗಿನ ತಾಮ್ರ ಹೊರಗೆ ಕಾಣುವಂತೆ ಮಾಡಿತ್ತು.

ತೆಂಗಿನ ಸೀಮೆಯವರಿಗೆ ಇದು ತಪ್ಪೆಂದು ಹೊಳೆಯುವುದೇ ಇಲ್ಲ. ನಾವು ಬಾಳೆಗೊನೆ ಕಟ್ಟುವುದು ಹುರಿಯಲ್ಲಿ, ಚಪ್ಪರ ಕಟ್ಟುವುದು ಹುರಿಯಲ್ಲಿ, ಮುರಿದ ಗೇಟು ನಿಲ್ಲಿಸುವುದು ಹುರಿಯಲ್ಲಿ. ನನ್ನ ಸ್ಕೂಟರಿನ ನಂಬರ್ ಪ್ಲೇಟು ಈಗಲೂ ಅದರಲ್ಲೇ ನಿಂತಿದೆ. "ಯಾವನ್ ಅಕ್ಕ ಈ ಘನಂದಾರಿ ಕೆಲ್ಸ ಮಾಡಿರೋನು?" ಎಂದು ರುದ್ರೇಶ ನಕ್ಕ. ರೋಗ ಸಿಕ್ಕಿದ ಖುಷಿ ಅವನಿಗೆ.

ಗಂಗಲಕ್ಷ್ಮಿ ಹುರಿಯನ್ನು ಕತ್ತರಿಸಿ ಹೊರಗೆ ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಅಷ್ಟು ಹೊತ್ತು ಒಂದೇ ಸಮ ಮಾತಾಡುತ್ತಿದ್ದವರು ಸುಮ್ಮನಾದದ್ದು ಕುರ್ಚಿಯಲ್ಲಿದ್ದವರಿಗೆ ಕೇಳಿಸಿತು.

"ಯಾಕೇ ಗಂಗಾ? ಏನಾಯ್ತು?"

ಅವರು ಹೋಗಿ ಆ ತುಂಡನ್ನು ಗಂಡನ ಅಂಗೈಯಲ್ಲಿ ಇಟ್ಟರು. ಶಿವರಾಜು ಬೆರಳಾಡಿಸಿದರು. ಗಂಟಿನ ಮೇಲೆ ಹೆಬ್ಬೆರಳು ಎರಡು ಸಲ ಹೋಗಿ ಬಂತು. ಮೆಲ್ಲಗೆ, ನಮಗೆ ಕೇಳದಿರಲಿ ಎಂಬಂತೆ ಹೇಳಿದರು: "ಇದು ನಿನ್ ಗಂಟು ಕಣೇ."

ಹುರಿಯ ಶೆಡ್ಡಿನಲ್ಲಿ ಕಟ್ಟು ಬಿಗಿಯುವವರು ಹಾಕುವ ಗಂಟದು. ಎರಡು ಸುತ್ತು ಹಾಕಿ ತುದಿಯನ್ನು ಒಳಗೆ ಮುರಿಯುತ್ತಾರೆ. ಎಲ್ಲರದೂ ಬಲಕ್ಕೆ ಮುರಿದಿರುತ್ತದೆ. ಗಂಗಲಕ್ಷ್ಮಿ ಎಡಚರು, ಅವರದು ಎಡಕ್ಕೆ. ಗಂಡ ಹೇಳಿದ್ದು ರುದ್ರೇಶನ ಕಿವಿಗೆ ಬಿದ್ದಿರಲಿಲ್ಲ. ಅವನು ಚೀಲ ಇಳಿಸುವುದರಲ್ಲಿದ್ದ. ಆ ತುಂಡನ್ನು ಕಸದ ಡಬ್ಬಕ್ಕೆ ಎಸೆದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು, ಮೂರು ಗ್ಯಾರೇಜಿನವರಿಗೆ ಆಗದ್ದನ್ನು ಮಾಡಿದ ಕೀರ್ತಿಯೂ ಉಳಿಯುತ್ತಿತ್ತು. ನಿಜ ಹೇಳಬೇಕೆಂದರೆ ನಾನೂ ಅದನ್ನೇ ಬಯಸಿದೆ. ಎಲ್ಲೂ ಹೆಸರು ಬರದ ಕುಶಲಿಯೊಬ್ಬರ ಬಗ್ಗೆ ಬರೆಯಲು ಬಂದವನಿಗೆ ಈ ತೊಡಕು ಬೇಕಿರಲಿಲ್ಲ. ಪೆನ್ನನ್ನು ಜೇಬಿಗೆ ಇಟ್ಟುಬಿಟ್ಟೆ.

"ಯಾಕ್ ಸಾರ್ ಬರೆಯೋದ್ ನಿಲ್ಸಿದ್ರಿ?" ಎಂದರು ಗಂಗಲಕ್ಷ್ಮಿ. ಆಮೇಲೆ ಗಟ್ಟಿಯಾಗಿ ಕರೆದರು. "ರುದ್ರೇಶಪ್ಪ, ಬಾ ಇಲ್ಲಿ. ಇದ್ ಕಟ್ಟಿರೋಳು ನಾನೇ."

ಮೂರು ವರ್ಷದ ಹಿಂದಿನ ಮಾತು. ಸೆಲ್ಫ್ ಮೋಟಾರು ಕೆಟ್ಟು ರುದ್ರೇಶ ಸಂಜೆ ಹೊತ್ತಿಗೆ ಬಂದಿದ್ದ. ಮದುವೆ ಬಾಡಿಗೆ ಕಾಯುತ್ತಿತ್ತು. ಕೆಲಸ ಮಾಡುವಾಗ ಹಳೆಯ ಕ್ಲಿಪ್ಪು ಗಂಗಲಕ್ಷ್ಮಿಯ ಕೈಯಲ್ಲೇ ಮುರಿಯಿತು. ಬೇರೆ ಕ್ಲಿಪ್ಪು ಇರಲಿಲ್ಲ. ಎರಡು ದಿನದ ಮಟ್ಟಿಗೆ ಎಂದು ಹುರಿ ಕಟ್ಟಿ, ಸೋಮವಾರ ಬಾ ಎಂದಿದ್ದರು. ಅವನು ಬರಲಿಲ್ಲ, ಇವರಿಗೆ ನೆನಪಾಗಲಿಲ್ಲ. ಇಂಜಿನ್ನನ್ನು ಅಲುಗದಂತೆ ಹಿಡಿದಿಡುವ ಕೆಳಗಿನ ರಬ್ಬರ್ ಗಟ್ಟಿ ಇರುವವರೆಗೆ ವೈರು ಹೇಗೋ ತಡೆದಿದೆ. ರಬ್ಬರ್ ಸವೆದು ಇಂಜಿನ್ ಹೆಚ್ಚು ವಾಲತೊಡಗಿದ ಮೇಲೆ ಈ ಎರಡು ತಿಂಗಳ ಕಾಟ.

ರುದ್ರೇಶ ಕೇಳಿಸಿಕೊಂಡ. "ಎರಡ್ ತಿಂಗ್ಳು ಕಣಕ್ಕ. ಆ ಮೂರ್ ಜೀವ ಕೂರಿಸ್ಕೊಂಡು, ದೇವ್ರನ್ನ ನೆನೆಸ್ಕೊಂಡ್ ಆ ಏರು ಹತ್ತಿದೀನಿ. ನಿನ್ನೆ ಆ ಲಾರಿಯೋನು ಬ್ರೇಕ್ ಹಾಕದೇ ಇದ್ದಿದ್ರೆ?" ಉತ್ತರಕ್ಕೆ ಕಾಯದೆ ರಸ್ತೆ ದಾಟಿ ಟೀ ಅಂಗಡಿಯ ಕಡೆ ನಡೆದುಬಿಟ್ಟ. ಗಂಗಲಕ್ಷ್ಮಿ ಕರೆಯಲಿಲ್ಲ. ಮತ್ತೆ ಕೆಲಸಕ್ಕೆ ಬಗ್ಗಿದರು. ಸವೆದ ಭಾಗ ಕತ್ತರಿಸಿ, ಹೊಸ ವೈರು ಸೇರಿಸಿ ಬೆಸುಗೆ ಹಾಕಿ, ಮೇಲೆ ಕೊಳವೆ ತೊಡಿಸಿ, ಟೇಪು ಸುತ್ತಿ, ಹೊಸ ಕ್ಲಿಪ್ಪು ಕೂರಿಸಿದರು. ಮನಸ್ಸಿಗೆ ಒಪ್ಪದೆ ಬೆಸುಗೆಯನ್ನು ಎರಡು ಸಲ ಕಿತ್ತು ಮತ್ತೆ ಹಾಕಿದರು.

ಅರ್ಧ ಗಂಟೆಯ ಮೇಲೆ ರುದ್ರೇಶ ನಾಲ್ಕು ಲೋಟ ಟೀ ಹಿಡಿದು ಬಂದ. "ಸೋಮವಾರ ಬಾ ಅಂದಿದ್ರಿ. ನಾನೂ ಬರ್ಲಿಲ್ಲ ಬುಡಿ."

"ನೀನ್ ಬರ್ಲಿಲ್ಲ ಅಂತ ನಾನ್ ಕಟ್ಟಿದ್ದು ಸರಿ ಆಯ್ತದಾ?" ಎಂದರು ಗಂಗಲಕ್ಷ್ಮಿ. ಟೀ ಮಾತ್ರ ತೆಗೆದುಕೊಂಡರು.

ಮಧ್ಯಾಹ್ನದೊಳಗೆ ತಿಪಟೂರಿನಿಂದ ಹೊಸ ರಬ್ಬರ್ ತರಿಸಿ, ಪರಿಚಯದ ಮೆಕ್ಯಾನಿಕ್ಕನ್ನು ಕರೆಸಿ ಹಾಕಿಸಿದರು. ನಾಲ್ಕು ಚೀಲ ಮತ್ತೆ ಸೀಟು ಹತ್ತಿದವು. ಕೆರೆ ಏರಿಯ ದಾರಿಯನ್ನು ಒಂಬತ್ತು ಸಲ ಹತ್ತಿಸಿ ಇಳಿಸಿದರು. ಮೀಟರಿನ ಅಂಕಿ ಒಮ್ಮೆಯೂ ಬೀಳಲಿಲ್ಲ, ಹಳದಿ ದೀಪ ಹತ್ತಲಿಲ್ಲ. ಸಂಜೆ ರುದ್ರೇಶನಿಂದ ನಂಬರು ಪಡೆದು ಗಿರಿಜಾಂಬಿಕಾ ಅವರಿಗೆ ತಾವೇ ಫೋನ್ ಮಾಡಿದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಫೋನ್ ಇಟ್ಟು, ಬ್ಯಾಗಿಗೆ ಮೀಟರು ಮತ್ತು ಟಾರ್ಚು ತುಂಬಿಕೊಂಡು, ಅದೇ ಕಾರಿನಲ್ಲಿ ರುದ್ರೇಶನ ಊರಿಗೆ ಹೊರಟರು. ರಾತ್ರಿ ಅವನ ಮನೆಯಲ್ಲಿ ಉಳಿದು, ಬೆಳಗ್ಗೆ ಎಲ್ಲರ ಜೊತೆ ಕೂತು ಬರುವುದೆಂದು ತೀರ್ಮಾನ.

ಶನಿವಾರ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಸ್ಕೂಟರ್ ಹತ್ತಿ ಚಿಕ್ಕನಾಯಕನಹಳ್ಳಿಯಾಚೆ ಹೋಗಿ, ಆ ಏರಿನ ಮೇಲ್ತುದಿಯಲ್ಲಿ ಹೊಂಗೆ ಮರದ ಕೆಳಗೆ ನಿಂತೆ. ಏಳು ಗಂಟೆಗೆ ಬಿಳಿ ಕಾರು ಕೆಳಗೆ ಕಾಣಿಸಿತು. ಮುಂದೆ ಒಂದು ಬಸ್ಸು, ಹಿಂದೆ ಎರಡು ಲಾರಿ. ನಡುವೆ ಎಲ್ಲಾದರೂ ನಿಲ್ಲುತ್ತದೇನೋ ಎಂದು ನಾನು ನೋಡುತ್ತಲೇ ಇದ್ದೆ. ಕಾರು ಒಂದೇ ಸದ್ದಿನಲ್ಲಿ ಏರು ಹತ್ತಿ ಬಂದು ನನ್ನ ಪಕ್ಕವೇ ನಿಂತಿತು. ಹಿಂದಿನ ಸೀಟಿನಲ್ಲಿ ಇಬ್ಬರು ರೋಗಿಗಳ ನಡುವೆ ಗಂಗಲಕ್ಷ್ಮಿ ಮುದುರಿ ಕೂತಿದ್ದರು. ಮುಂದಿನ ಸೀಟಿನಲ್ಲಿ ಗಿರಿಜಾಂಬಿಕಾ ಇದ್ದರು!

"ನಿನ್ನೆ ಫೋನಿನಲ್ಲಿ ಏನಂದಳು ಗೊತ್ತೇನ್ರೀ?" ಎಂದರು ಅವರು, ಕಿಟಕಿ ಇಳಿಸಿ. "'ತಪ್ಪು ನಂದು ಟೀಚರಮ್ಮ. ನಾಳೆ ನಾನೂ ಜೊತೆಗೆ ಕೂತ್ಕೊತೀನಿ. ನಿಂತ್ರೆ ಎಲ್ರೂ ಒಟ್ಟಿಗೇ ನಿಲ್ಲೋಣ' ಅಂದಳು. ಮೂವತ್ತೆರಡು ವರ್ಷ ಮಕ್ಕಳ ಪುಸ್ತಕ ತಿದ್ದಿದೀನಿ. ಮಿಸ್, ಇಲ್ಲಿ ತಪ್ಪಾಗಿದೆ ಅಂತ ತಾನೇ ಬೆರಳಿಟ್ಟು ತೋರಿಸಿದ ಮಗು ಎರಡೋ ಮೂರೋ. ಬರದೆ ಇರೋಕೆ ಮನಸ್ಸಾಗಲಿಲ್ಲ." ರುದ್ರೇಶ ಹೊತ್ತಾಯಿತೆಂದು ಗೇರು ಹಾಕಿದ. ಕಾರು ತಿಪಟೂರಿನ ಕಡೆ ಹೊರಟಿತು.

ಹತ್ತು ಗಂಟೆಗೆ ಶೆಡ್ಡಿಗೆ ಹೋದರೆ ಗಂಗಲಕ್ಷ್ಮಿ ಆಗಲೇ ಬಂದು, ಮೂರೂ ನೋಟ್‌ಬುಕ್ಕುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಾರೆ. ಹೀಗೆ ಕೈಯಲ್ಲಿ ಕ್ಲಿಪ್ಪು ಇಲ್ಲದಾಗ ಇನ್ನೂ ಯಾರ್‍ಯಾರ ಗಾಡಿಗೆ ಹುರಿ ಕಟ್ಟಿದೆ ಎಂದು ಹುಡುಕುತ್ತಿದ್ದಾರೆ. ಕುರ್ಚಿಯಲ್ಲಿ ಕೂತ ಶಿವರಾಜು ನೆನಪಾದದ್ದನ್ನು ಹೇಳುತ್ತಿದ್ದಾರೆ. ರುದ್ರೇಶನದು ಬಿಟ್ಟು ಹನ್ನೆರಡು ಗಾಡಿ ಸಿಕ್ಕಿವೆ. ಹನ್ನೊಂದು ಜನಕ್ಕೆ ಫೋನ್ ಹೋಗಿದೆ. ಇಬ್ಬರು ಬೈದರು, ಉಳಿದವರು ಬರುತ್ತೇವೆ ಎಂದಿದ್ದಾರೆ. ಒಂದು ಗಾಡಿಯ ಮುಂದೆ ಮಾತ್ರ ಹೆಸರೂ ಇಲ್ಲ, ನಂಬರೂ ಇಲ್ಲ.

ಲೇಖನದ ಕೊನೆಗೆಂದು ನಾನು ಎಲ್ಲರಿಗೂ ಕೇಳುವ ಮಾಮೂಲಿ ಪ್ರಶ್ನೆ ಕೇಳಿದೆ: ನಿಮ್ಮ ಆಸೆ ಏನು?

ಅವರು ನೋಟ್‌ಬುಕ್ಕಿನಿಂದ ತಲೆ ಎತ್ತದೆ ಕೇಳಿದರು. "ನಿಮ್ ಪೇಪರ್ ದಬ್ಬೇಘಟ್ಟದ ಕಡೆ ಹೋಯ್ತದಾ ಸಾರ್?"

ಹೋಗುತ್ತದೆ ಎಂದೆ.

"ಹಂಗಾದ್ರೆ ನನ್ ವಿಷ್ಯ ಕಮ್ಮಿ ಬರೀರಿ. ಇದೊಂದ್ನ ದಪ್ಪಕ್ಷರದಲ್ಲಿ ಹಾಕ್ಸಿ. ನೀಲಿ ಕಾರು, ದಬ್ಬೇಘಟ್ಟದ ಕಡೆಯೋರು, ಗಂಡ ಹೆಂಡ್ತಿ ಬಂದಿದ್ರು, ಹಿಂದಿನ ಸೀಟಲ್ಲಿ ಕೂಸು ಮಲಗಿತ್ತು. ಗಾಡಿ ಎಷ್ಟೇ ಚೆನ್ನಾಗ್ ಓಡ್ತಿದ್ರೂ ಸರಿ, ಒಂದ್ಸಲ ಬಂದ್ ತೋರಿಸ್ಕೊಂಡ್ ಹೋಗ್ಬೇಕು. ಎಷ್ಟ್ ಹೊತ್ತಿಗ್ ಬಂದ್ರೂ ನಾನಿರ್ತೀನಿ."